ಕಕ್ಕಿದ ಮಾತ್ರೆ

"ಯಾಕೆ ಎಲ್ಲಾ ಲೈಟ್ ಆರಿಸಿದ್ದೀರಾ?" ಎಂದು ತಂಗಿ ಗುಬ್ಬಿ ಕೇಳಿದಾಗ ಹಾಡುಹಗಲು. ಕಿಟಕಿಯ ಬಿಸಿಲು ಅವಳ ಮೊಣಕಾಲಿನ ಮೇಲೆಯೇ ಬಿದ್ದಿತ್ತು.

ಮಲೇರಿಯಾ ಜ್ವರ ಇಳಿದು ಗುಬ್ಬಿ ಅಂದೇ ಎದ್ದು ಕೂತಿದ್ದಳು. ಅಪ್ಪ ಅವಳ ಕಣ್ಣೆದುರು ಕೈಯಾಡಿಸಿದ. ರೆಪ್ಪೆ ಮಿಟುಕಲಿಲ್ಲ.

"ನಿನ್ನ ದರಿದ್ರ ವೆಲ್ಡಿಂಗು!" ಎಂದು ನನ್ನ ಮೇಲೆ ಎಗರಿದ. "ಮನೆ ಬಾಗಿಲಲ್ಲೇ ಕಿಡಿ ಹಾರಿಸ್ಬೇಡ ಅಂತ ಬಡ್ಕೊಂಡೆ. ಮಗು ಅದನ್ನೇ ನೋಡಿದೆ."

ಹಿಂದಿನ ದಿನ ಅಲ್ಲೇ ಒಂದು ಗೇಟು ಬೆಸೆದಿದ್ದೆ. ವೆಲ್ಡಿಂಗ್ ಕೆಲಸದವರು ಮಾಡುವಂತೆಯೇ ಕಣ್ಣಿಗೆ ತಣ್ಣೀರ ಬಟ್ಟೆ ಕಟ್ಟಿ ಮಲಗಿಸಿದೆ.

ಅಜ್ಜಿ ಮಲೇರಿಯಾದ ಕ್ವಿನೈನ್ ಮಾತ್ರೆ ಹಿಡಿದು ಬಂದಳು. "ಕಣ್ಣಿನ ಗಲಾಟೆ ಆಮೇಲೆ. ಬಾಯಿ ತೆಗಿ ಪುಟ್ಟಾ."

ನಾನು ಬಟ್ಟೆ ಸರಿಸಿದೆ. ವೆಲ್ಡಿಂಗ್ ಬೆಳಕು ಬಡಿದ ಕಣ್ಣು ಕೆಂಡದಂತಿರುತ್ತದೆ, ಮರಳು ಬಿದ್ದ ಹಾಗೆ ಚುಚ್ಚಿ ನೀರಿಳಿಯುತ್ತದೆ. ಇವಳದ್ದು ಒಣಗಿತ್ತು. ಪಾಪೆ ಮಾತ್ರ ಅಗಲವಾಗಿ ಬಾಯಿ ಬಿಟ್ಟಿತ್ತು.

"ಉರೀತಿದ್ಯೇನೇ?"

"ಇಲ್ಲ ಅಣ್ಣ. ಕಿವೀಲಿ ದುಂಬಿ ಗುಂಯ್ ಅಂತಿದೆ. ಜೋರಾಗಿ ಮಾತಾಡು."

ವೆಲ್ಡಿಂಗ್ ಬೆಳಕು ಕಿವಿಗೆ ಬಡಿಯುವುದಿಲ್ಲ. "ಅಜ್ಜಿ, ಮಾತ್ರೆ ಎಷ್ಟು ಕೊಟ್ಟೆ?"

"ಡಾಕ್ಟ್ರು ಹೇಳಿದಷ್ಟೇ ಕಣೋ. ಕಕ್ಕಿದ್ರೆ ಮತ್ತೆ ಕೊಡಿ ಅಂದಿದ್ರು. ನುಂಗಿದ ತಕ್ಷಣ ಕಕ್ಕಿದ್ರೂ ಸರಿ, ಊಟ ಆಗಿ ಮಲಗೆದ್ದು ಕಕ್ಕಿದ್ರೂ ಸರಿ, ನಾನು ಬಿಟ್ಟವಳಲ್ಲ."

ಸಿಟ್ಟು ನೆತ್ತಿಗೇರಿತು. ಮಾತ್ರೆ ಕಿತ್ತುಕೊಂಡೆ.

ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವ್ನು, ಯಾವಾಗಯ್ಯಾ ಡಾಕ್ಟ್ರಾದೆ? ಜ್ವರ ತಿರುಗಿ ಬಂದ್ರೆ ಹೊಣೆ ಯಾರು?"

"ನಾನೇ! ದಾರಿ ಬಿಡಪ್ಪಾ!"

ತಂಗಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಆ ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರಮ್ಮನೇ ಕಣ್ಣಿಗೆ ಟಾರ್ಚ್ ಬಿಟ್ಟರು. ಪಾಪೆ ಕುಗ್ಗಲಿಲ್ಲ. ಅವರ ಮುಖ ಬಿಗಿಯಿತು.

"ಮಾತ್ರೆ ಮಿತಿಮೀರಿ ಕಣ್ಣು, ಕಿವಿಗೆ ಬಡಿದಿದೆ. ಇನ್ನೊಂದು ನುಂಗಿಸಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು. ಮಲೇರಿಯಾಕ್ಕೆ ಬೇರೆ ಔಷಧಿ ಕೊಡ್ತೀವಿ."

"ಕಣ್ಣು?"

"ಸ್ವಲ್ಪ ಬರಬಹುದು. ಪೂರ್ತಿ ಅಂತ ಹೇಳಕ್ಕಾಗಲ್ಲ."

"ಕಕ್ಕಿದ್ರೆ ಮತ್ತೆ ಕೊಡಿ ಅಂದ್ರಲ್ಲ, ಹೊತ್ತು ಕಳೆದು ಕಕ್ಕಿದ್ರೆ ಮಾತ್ರೆ ಆಗ್ಲೇ ಮೈ ಸೇರಿರುತ್ತೆ, ಕೊಡ್ಬೇಡಿ ಅಂತ ಹೇಳೋಕೆ ಬಾಯಿಗೆ ಬೀಗ ಬಿದ್ದಿತ್ತಾ?" ನನ್ನ ಕೂಗಿಗೆ ವಾರ್ಡೇ ತಿರುಗಿತು.

ಅಂದಿನಿಂದ ಅಜ್ಜಿಯ ಜೊತೆ ನಾನು ಮಾತು ಬಿಟ್ಟೆ. ಅವಳು ಆಸ್ಪತ್ರೆಯಲ್ಲಿ ಗುಬ್ಬಿಯ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ.

ವಾರ ಕಳೆದ ಮೇಲೆ ಗುಬ್ಬಿ ನನ್ನನ್ನೇ ನೋಡಿ, "ಅಣ್ಣ, ಕ್ಷೌರ ಮಾಡ್ಕೋ, ಕರಡಿ ಥರ ಇದ್ದೀಯ" ಎಂದಳು. ನನಗೆ ನಗು, ಅಳು ಒಟ್ಟಿಗೇ ಬಂದವು.

"ಅಜ್ಜಿ ಎಲ್ಲಿ?" ಎಂದಳು.

ಅಜ್ಜಿ ಅವಳ ಭುಜಕ್ಕೆ ತಾಗಿಯೇ ಕೂತಿದ್ದಳು. ನೋಟ ಮರಳಿದ್ದು ನೇರಕ್ಕೆ ಮಾತ್ರ, ಪಕ್ಕಕ್ಕಲ್ಲ. ಅಜ್ಜಿಗೂ ಅದು ಅರ್ಥವಾಯಿತು.

ನಾನು ಅವಳ ತೋಳು ಹಿಡಿದು ಎಬ್ಬಿಸಿದೆ. "ಇಲ್ಲಿ ಕೂತ್ಕೋ ಅಜ್ಜಿ" ಎಂದು ಗುಬ್ಬಿಯ ಮುಖದ ಮುಂದೆಯೇ ಕೂರಿಸಿದೆ.