ಬಲಗಡೆಯ ಬಾಗಿಲು

ಕಾದ ಎಣ್ಣೆಯ ವಾಸನೆ, ಒಳಗೆ ಮಗಳು ಜಿಬೆಕ್ ಬೋರ್ಸೋಕ್ ಹಿಟ್ಟಿನುಂಡೆ ಕರಿಯುತ್ತಿದ್ದಾಳೆ, ಮೊದಲ ಒಬ್ಬೆ ಸೀದೇಹೋಯಿತು, ಅವಳಮ್ಮ ಇದ್ದಿದ್ದರೆ ಸೀಯಲು ಬಿಡುತ್ತಿದ್ದಳೇ — ಬುರುಲ್ ತೀರಿಕೊಂಡು ಬರುವ ವಾರಕ್ಕೆ ವರ್ಷ — ಸ್ಕ್ರೂ ಎಲ್ಲಿ ಬಿತ್ತು, ಸಾಗಿನ್ ಅಂಗಳದ ಹುಲ್ಲಿನಲ್ಲಿ ಮಂಡಿಯೂರಿ ತಡಕುತ್ತಾನೆ, ಸಿಕ್ಕಿತು. ಕಾರಿನ ಮುಂದಿನ ಬಲಗಡೆಯ ಬಾಗಿಲು, ಸ್ಟೀರಿಂಗ್ ಎಡಕ್ಕಿದೆ, ಹನ್ನೊಂದು ವರ್ಷದಿಂದ ಒಳಗಿನಿಂದ ತೆರೆಯದ ಬಾಗಿಲು. ಅಪ್ಪಾ, ಮಧ್ಯಾಹ್ನದೊಳಗೆ ಅದನ್ನ ಸರಿಮಾಡ್ಬಿಡು, ನಮ್ಮತ್ತೆ ಆಗೋವ್ರು ನನ್ ಕಿವಿಗೆ ನಿಶ್ಚಯದ ಓಲೆ ಹಾಕೋಕೆ ಬರ್ತಿದಾರೆ, ಮುಂದಿನ ಸೀಟಲ್ಲೇ ಕೂರಿಸ್ಬೇಕು, ಹಿಂದೆ ಕೂರಿಸಿದ್ರೆ ನನ್ ಮಾನ ಉಳಿಯಲ್ಲ, ಎಂದು ಬೆಳಗಿನಿಂದ ಒಂದೇ ರಾಗ. ಕೂರಲಿ, ಬೇಡವೆಂದವರಾರು, ಆದರೆ ಕೂತವರು ಇಳಿಯಬೇಕಲ್ಲ, ಇಳಿಸಲು ತಾನು ಕಾರನ್ನು ಸುತ್ತಿಕೊಂಡು ಹೋಗಬೇಕು, ಆ ಎಂಟು ಹೆಜ್ಜೆ ಬುರುಲ್‌ಳದು, ಬೀಗಿತ್ತಿಯಿರಲಿ, ಮಹಾರಾಣಿ ಬಂದರೂ ಅದನ್ನು ಕೊಡಲಾರೆ. ನೋಡ್ರೇ, ಬುರುಲ್‌ಗೆ ಬಾಗ್ಲು ತೆಗೆಯೋಕೆ ಆಳಿದಾನೆ, ನಮ್ಮೋನು ಕಾರ್ ನಿಲ್ಲೋ ಮೊದ್ಲೇ ಇಳಿ ಅಂತಾನೆ — ಕೊಚ್ಕೋರ್ ಊರಿನ ಹೆಂಗಸರೆಲ್ಲ ನಗುತ್ತಿದ್ದರು, ಅವಳೂ ನಗುತ್ತಿದ್ದಳು, ಬಾಗಿಲ ಬೀಗ ಕೆಟ್ಟಿದೆ ಅಂತ ಒಬ್ಬರಿಗೂ ಹೇಳಲಿಲ್ಲ, ತಾನೂ ಬಾಯಿಬಿಡಲಿಲ್ಲ, ಹೊಗಳಿಕೆ ಯಾರಿಗೆ ಬೇಡ. ಗಂಡನ ಹೆಸರು ಹೇಳುವವಳಲ್ಲ, ಕೂಗಿ ಕರೆಯುವಂತಿಲ್ಲ, ಸುಮ್ಮನೆ ಕೂರುವಳು, ಐದು ವರ್ಷದ ಹಿಂದೆ ಒಂದು ದಿನ ದನದ ಸಂತೆಯಲ್ಲಿ ಕುದುರೆ ವ್ಯಾಪಾರದ ಮಾತಿಗೆ ಬಿದ್ದು ಅವಳನ್ನು ಮರೆತೇಬಿಟ್ಟ, ಒಂದು ಗಂಟೆ, ಉರಿಬಿಸಿಲು, ಓಡಿ ಬಂದರೆ ಮುಖವೆಲ್ಲ ಕೆಂಪು, ಕುದುರೆ ಕುದುರ್ತಾ ಎಂದಳು, ಅಷ್ಟೇ. ಅಲ್ವೇ, ನನ್ ಕಡೆಯಿಂದ ಇಳೀಬಾರ್ದಿತ್ತಾ? ಗಂಡನ ಸೀಟು ತುಳ್ಕೊಂಡು ಇಳೀಲಾ, ನೋಡಿದೋರು ಏನಂದಾರು! ನಾಳೆ ಸರಿಮಾಡ್ತೀನಿ ಕಣೇ ಎಂದಿದ್ದ, ಆ ನಾಳೆ ಇವತ್ತು ಬಂದಿದೆ, ಅದೂ ಇನ್ಯಾರಿಗೋ.

ಬಾಗಿಲಿನ ಒಳಹಲಗೆ ಕಳಚಿತು, ಧೂಳು, ಗ್ರೀಸು, ಕೈ ಒಳಗೆ ಹೋಗುತ್ತದೆ, ಹಿಡಿಯಿಂದ ಬೀಗಕ್ಕೆ ಹೋಗುವ ಸರಳು ಕಳಚಿ ನೇತಾಡುತ್ತಿರಬೇಕು, ಕೊಂಡಿ ಮುರಿದದ್ದು ತನಗೆ ಗೊತ್ತು — ನೇತಾಡುತ್ತಿಲ್ಲ. ಕಟ್ಟಿದೆ. ಉಣ್ಣೆಯ ಹುರಿ, ಒಂದೆಳೆ ಬಲಕ್ಕೆ ಹೊಸೆದದ್ದು, ಒಂದೆಳೆ ಎಡಕ್ಕೆ, ಎರಡನ್ನೂ ಜೊತೆಗಿಟ್ಟು, ಕಂಬಳಿಯ ಅಂಚಿಗೆ ಹೊಲಿಯುವ ಹುರಿ, ಊರಿನ ಹೆಂಗಸರೆಲ್ಲ ಹೊಸೆಯುತ್ತಾರೆ, ಆದರೆ ತುದಿಗೆ ಮೂರು ಗಂಟು, ಎರಡು ಹಾಕಿದ್ರೆ ಬಿಚ್ಕೊಳ್ಳುತ್ತೆ ಎನ್ನುತ್ತಿದ್ದವಳು ಒಬ್ಬಳೇ. ಮತ್ತೆ ಈ ಕೆಂಪು, ಬೇರು ಕುದಿಸಿ ಈ ಕೆಂಪು ತೆಗೆದದ್ದು ಒಂದೇ ಒಂದು ಬೇಸಿಗೆ, ತಾನು ಕುದುರೆಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದಾಗ, ಹತ್ತು ವರ್ಷದ ಹಿಂದೆ. ಒಳಗಿನ ಹಿಡಿ ಎಳೆಯುತ್ತಾನೆ, ಟಕ್, ಬೀಗ ಬಿಟ್ಟುಕೊಂಡಿತು. ಇನ್ನೊಮ್ಮೆ. ಟಕ್. ಹತ್ತು ವರ್ಷ. ಅಯ್ಯೋ ಕಳ್ಳಿ, ಒಂದು ಮಾತು ಹೇಳಬಾರದಿತ್ತೇ, ಹೇಳಿದ್ದರೆ ತಾನು ಸುತ್ತಿ ಬರುತ್ತಿದ್ದನೇ, ಇಲ್ಲ, ಬರುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಅಪ್ಪಾ, ಸರಿಹೋಯ್ತಾ? ಜಿಬೆಕ್ ಕಿಟಕಿಯಿಂದ ಕೂಗುತ್ತಾಳೆ, ಮತ್ತೊಮ್ಮೆ ಹಿಡಿ ಎಳೆಯುತ್ತಾನೆ, ಟಕ್, ಬುರುಲ್ ಬೇಕು, ಈಗಲೇ ಬೇಕು, ಎಂಟಲ್ಲ, ಎಂಟು ಸಾವಿರ ಹೆಜ್ಜೆ ನಡೆದೇನು — ಬಿಸಿಲು, ಏರಿಸಿದ ಗಾಜು, ಸಂತೆಯ ಧೂಳು, ಅದರಾಚೆ ತಾನು ಯಾರದೋ ಕುದುರೆಯ ಹಲ್ಲು ನೋಡುತ್ತ ನಿಂತಿದ್ದಾನೆ, ಈಚೆ ಅವಳ ಬಲಗೈ ತೊಡೆಯ ಮೇಲೆ, ಹಿಡಿಗೆ ನಾಲ್ಕೇ ಬೆರಳು ದೂರ.