ಕಾಶೆವ್ವನ ಸೊಟ್ಟ ನಾಣ್ಯ

ಹೊಸಬನೊಬ್ಬ ಹಣೆತುಂಬ ವಿಭೂತಿ ಹಚ್ಚಿಕೊಂಡು ಊರ ಕಟ್ಟೆಯ ಮೇಲೆ ಕೂತರೆ ಸಾಕು, ನಾವು ಅವನ ಮುಂದೆ ತಂಬಿಗೆ ನೀರು, ಬೆಲ್ಲ ತಂದಿಡುತ್ತೇವೆ. ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಕೇಳುವುದು ಆಮೇಲೆ. ಬಹಳ ಸಲ ಕೇಳುವುದೇ ಇಲ್ಲ. ಈ ಮರ್ಯಾದೆಯನ್ನೇ ನಂಬಿ ಹೊಟ್ಟೆ ಹೊರೆಯುವ ಜನ ಈಗ ಹಳ್ಳಿ ಹಳ್ಳಿ ತಿರುಗುತ್ತಿದ್ದಾರೆ. ಯುದ್ಧ ಶುರುವಾದ ಮೇಲೆ ಬೆಳ್ಳಿಯ ಬೆಲೆ ಏರಿದೆ. ಹಳೇ ಬೆಳ್ಳಿ ಎಲ್ಲಿದೆ ಎಂದು ಮೂಸುತ್ತ ಅವರು ನಮ್ಮ ದೇವರ ಜಗಲಿಯವರೆಗೂ ಬಂದುಬಿಟ್ಟಿದ್ದಾರೆ.

ಸಾಂಬ್ರಾಣಿ ಎಂಬ ಊರಿಗೆ ಬಂದವನ ಹೆಸರು ಶೇಖಪ್ಪ. ಹೆಗಲಿಗೆ ಜೋಳಿಗೆ, ಬಾಯಲ್ಲಿ ಸದಾ ಶಿವನ ಹೆಸರು. ಅವನ ಕಣ್ಣು ಬಿದ್ದದ್ದು ರೈತ ಚನಬಸಪ್ಪನ ಮನೆಯ ದೇವರ ಜಗಲಿಯ ಮೇಲಿದ್ದ ಒಂದು ಸೊಟ್ಟ ಬೆಳ್ಳಿ ನಾಣ್ಯದ ಮೇಲೆ. ಅದು ಚನಬಸಪ್ಪನ ಹೆಂಡತಿ ಕಾಶೆವ್ವ ತವರಿನಿಂದ ತಂದದ್ದು. ತವರೂರು ಇಂದೂರದಲ್ಲಿ ಅವಳ ಅಪ್ಪ ಹೊಲ ಉಳುವಾಗ ನೇಗಿಲಿಗೆ ಸಿಕ್ಕಿತ್ತು. ಮಗಳ ಮದುವೆಯಲ್ಲಿ ಅದನ್ನು ಅವಳ ಉಡಿಯಲ್ಲಿ ಹಾಕಿ ಕಳಿಸಿದ್ದ. ಆ ಅಪ್ಪ ಈಗ ಇಲ್ಲ. ನಾಣ್ಯಕ್ಕೆ ರಾಜನ ಮುಖವಿಲ್ಲ, ಅಕ್ಷರವಿಲ್ಲ, ದುಂಡಗಂತೂ ಇಲ್ಲವೇ ಇಲ್ಲ. ಮೂಲೆಗಳನ್ನು ಕತ್ತರಿಸಿದ ಹಾಗಿದೆ. ಮೇಲೆ ಒಂದು ಸೂರ್ಯ, ಒಂದು ಗುಡ್ಡ, ಇನ್ನೂ ಏನೋ ಗುರುತುಗಳು ಒಂದರ ಮೇಲೊಂದು ಬಿದ್ದಿವೆ.

ಶೇಖಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಮೂಗು ಮುರಿದ.

“ಇದು ನಾಣ್ಯ ಅಲ್ರೀ ಚನಬಸಪ್ಪನವರ. ಯಾವನೋ ಅಕ್ಕಸಾಲಿ ಪತ್ತಾರ ಕತ್ತರಿಸಿ ಒಗದ ತಗಡು. ಹಳೇ ಬೆಳ್ಳಿ ಅಂದ್ರ ಇಲ್ಲಿ ನೋಡ್ರಿ,” ಎಂದು ಜೋಳಿಗೆಯಿಂದ ಎರಡು ದುಂಡು ನಾಣ್ಯ ತೆಗೆದ. ಎರಡರ ಮೇಲೂ ನಂದಿ, ಮೈತುಂಬ ವಿಭೂತಿ. “ಹಳೇ ರಾಜರ ಕಾಲದ್ದು. ನಿಮ್ಮ ತಗಡ ಒಂದಕ್ಕ ಇವು ಎರಡು ಕೊಡ್ತೇನಿ, ನನಗೂ ಪುಣ್ಯಾ ಬರ್ಲಿ. ನೀರು ಮಾತ್ರ ಮುಟ್ಟಿಸಬ್ಯಾಡ್ರಿ. ವಿಭೂತಿ ಹೋದ್ರ ಶಕ್ತಿನೂ ಹೋಗ್ತೈತಿ.”

ಚನಬಸಪ್ಪ ಎರಡೂ ನಂದಿಯನ್ನು ಕಣ್ಣಿಗೆ ಒತ್ತಿಕೊಂಡ. ನಾಣ್ಯವನ್ನು ಕಣ್ಣು ಬಿಟ್ಟು ನೋಡಬೇಕು. ನಾವು ಕಣ್ಣು ಮುಚ್ಚಿ ಒತ್ತಿಕೊಳ್ಳುತ್ತೇವೆ. ಆಗುವ ಅನಾಹುತವೆಲ್ಲ ಅಲ್ಲಿಂದಲೇ.

ಕಾಶೆವ್ವ ಮುಂದೆ ಬಂದು ತನ್ನ ಸೊಟ್ಟ ನಾಣ್ಯವನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದಳು. ಶೇಖಪ್ಪ ನಕ್ಕು, “ವಿಚಾರ ಮಾಡ್ರಿ. ಇವು ಜಗಲಿ ಮ್ಯಾಲ ಇರ್ಲಿ. ಆಚೆ ಓಣಿ ಮುಗಿಸಿ ಸಂಜಿಗೆ ಬರ್ತೇನಿ,” ಎಂದು ಹೊರಟುಹೋದ.

ಅತ್ತೆ ಮುದಕವ್ವ ಬಾಗಿಲಲ್ಲೇ ಕೂತಿದ್ದಳು. “ಅಂದ್ರ ನಿಮ್ಮಪ್ಪ ತಗಡ ಕೊಟ್ಟು ಮಗಳನ್ನ ಕಳಿಸಿದ ಅಂದಂಗಾತು,” ಎಂದಳು.

ಕಾಶೆವ್ವನ ಮೈ ಉರಿದುಹೋಯಿತು. “ಸತ್ತವನ ಮ್ಯಾಲ ಮಾತಾಡಬ್ಯಾಡ್ರಿ ಅತ್ತಿ. ತಗಡೋ ಬೆಳ್ಳಿಯೋ ನೋಡಿ ಹೇಳೂಣು. ಅಲ್ಲಿತನಕಾ ಇದನ್ನ ಯಾರ ಕೈಗೂ ಕೊಡೂದಿಲ್ಲ.”

ಪಕ್ಕದ ಮನೆಯ ಬೀಬಿಜಾನ ಪಟವೇಗಾರರ ಮಗಳು. ಹೆಂಗಸರ ರೂಪಾಯಿ ಸರಗಳನ್ನು ರೇಷ್ಮೆ ದಾರದಲ್ಲಿ ಪೋಣಿಸಿಕೊಡುವುದು ಅವಳ ಕೆಲಸ. ಹಳೆಯದು, ಹೊಸದು, ಖೊಟ್ಟಿ, ಎಲ್ಲ ನಾಣ್ಯವೂ ಅವಳ ಬೆರಳ ಸಂದಿಯಲ್ಲಿ ಹಾದುಹೋಗಿವೆ. ಕಾಶೆವ್ವ ಅವಳನ್ನು ಕರೆದುಕೊಂಡು ಬಂದಳು. ಜೊತೆಗೆ ಅಡಿಗೆ ಮನೆಯಿಂದ ಹುಣಸೆಹಣ್ಣು, ಬೂದಿಯನ್ನೂ ತಂದಳು. ತಿಕ್ಕಿ ಹೊಳೆಯುವಂತೆ ಮಾಡಿ ಅತ್ತೆಯ ಬಾಯಿ ಮುಚ್ಚಿಸಬೇಕು ಎಂದು ಅವಳ ಲೆಕ್ಕ.

ಬೀಬಿಜಾನ ಅವಳ ಕೈ ಹಿಡಿದಳು. “ಹುಣಸೀಹಣ್ಣು ತಾಮ್ರದ ಕೊಡಕ್ಕ, ಕಾಶೆವ್ವಾ. ಹಳೇ ನಾಣ್ಯಕ್ಕಲ್ಲ. ತಿಕ್ಕಿದ್ರ ಗುರುತು ಸವೀತಾವ. ಗುರುತು ಹೋದ್ರ ಅದರ ಪರವಾಗಿ ಸಾಕ್ಷಿ ಹೇಳವ್ರು ಯಾರು?”

“ಹಂಗಾದ್ರ ಇದರ ಮೂಲಿ ಯಾಕ ಕತ್ತರಿಸ್ಯಾರ?” ಎಂದು ಚನಬಸಪ್ಪ ಕೇಳಿದ.

“ತೂಕಕ್ಕರಿ. ಭಾಳ ಹಿಂದ ಬೆಳ್ಳಿ ತಗಡು ತುಂಡು ಮಾಡಿ ತೂಗತಿದ್ರಂತ. ಹೆಚ್ಚಾದ್ರ ಮೂಲಿ ಕತ್ತರಿಸಿ ಸರಿ ಮಾಡಿ, ಆಮ್ಯಾಲ ಗುರುತು ಬಡೀತಿದ್ರು. ನಮ್ಮಪ್ಪ ಹೇಳ್ತಿದ್ದ. ಈ ಸೂರ್ಯನ್ನ ನೋಡ್ರಿ, ಅರ್ಧ ಅಂಚಿನ ಹೊರಗ ಹೋಗ್ಯಾನ. ಕೈಲೆ ಬಡದದ್ದು ಹಂಗ ಇರೂದು. ಉಬ್ಬಿದ ಜಾಗಾ ಸವದೈತಿ, ತಗ್ಗಿನ್ಯಾಗ ಕಪ್ಪು ಕೂತೈತಿ. ಮಂದಿ ಕೈಯಾಗ ಓಡಾಡಿದ ರೊಕ್ಕ ಹಿಂಗ ಸವೀತೈತಿ.”

“ಅಂದ್ರ ಇದು ಖರೇದು?”

“ಆಣಿ ಮಾಡಿ ಹೇಳಾಕ ನನಗ ಬರೂದಿಲ್ಲ. ತಿಳದವ್ರಿಗೆ ತೋರಸ್ರಿ. ಆದ್ರ ಸೊಟ್ಟ ಐತಿ ಅಂತ ಖೊಟ್ಟಿ ಅನ್ನಾಕ ಆಗೂದಿಲ್ಲ. ಈಗ ಆ ನಂದಿ ನೋಡೂಣು. ನಿಮ್ಮ ಜಗಲೀದು, ನಾ ಮುಟ್ಟೂದಿಲ್ಲ. ಕಾಶೆವ್ವ ತರ್ಲಿ. ಬಿಸಿನೀರಾಗ ತೊಳೀಲಿ.”

ಮುದಕವ್ವ ಎದ್ದು ನಿಂತಳು. “ವಿಭೂತಿ ಹಚ್ಚಿದ ನಂದೀನ್ನ ತೊಳೀತೀಯೇನ? ದೇವರ ಮ್ಯಾಲನ ಅನುಮಾನ ಬಂತೇನ ನಿನಗ?”

“ದೇವರ ಮ್ಯಾಲಲ್ಲ ಅತ್ತಿ, ತಂದವನ ಮ್ಯಾಲ. ಈ ವಿಭೂತಿ ಹಚ್ಚಿದ್ದು ಶಿವಾ ಅಲ್ಲ, ಶೇಖಪ್ಪ.”

ಇಷ್ಟು ಹೇಳಿ ಕಾಶೆವ್ವ ಎರಡೂ ನಾಣ್ಯಗಳನ್ನು ಬಿಸಿನೀರಿನ ಬಟ್ಟಲಲ್ಲಿ ಹಾಕಿಯೇಬಿಟ್ಟಳು. ಗಂಡನ ಮುಖವನ್ನೂ ನೋಡಲಿಲ್ಲ. ಆ ಮನೆಯಲ್ಲಿ ಸೊಸೆಯೊಬ್ಬಳು ಯಾರನ್ನೂ ಕೇಳದೆ ಜಗಲಿಯ ಮೇಲಿನದನ್ನು ಎತ್ತಿದ್ದು ಅದೇ ಮೊದಲು. ನನಗಂತೂ ಅದು ಬಹಳ ಸೇರಿತು.

ವಿಭೂತಿ ಬಿಟ್ಟಿತು. ಒಳಗಿನ ಮೈಮೇಲೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು ಕಂಡವು. ಅಂಚಿನ ಸುತ್ತ ಒಂದು ಗೆರೆ ಓಡಿತ್ತು.

“ಇದು ಎರಕ ಹೊಯ್ದದ್ದು. ಎರಡು ಅಚ್ಚು ಕೂಡಿದಲ್ಲಿ ಈ ಗೆರಿ ಬರ್ತೈತಿ,” ಎಂದಳು ಬೀಬಿಜಾನ.

ಚನಬಸಪ್ಪ ಬಿಡಲಿಲ್ಲ. “ಹಳೇದಲ್ಲೇನು, ಮಣ್ಣಾಗ ಬಿದ್ದು ತೂತಾಗಿರಬೇಕು.” ಒಂದನ್ನು ಕಲ್ಲಿನ ಮೇಲೆ ಬೀಳಿಸಿದ. ಅದು ಠಣ್ ಎನ್ನಲಿಲ್ಲ, ಟಪ್ ಎಂದಿತು. ಅವನ ಮುಖ ಸಣ್ಣದಾಯಿತು.

“ಸಪ್ಪಳಾ ಒಂದನ್ನ ನಂಬಿ ಕೂಡಬ್ಯಾಡ್ರಿ,” ಎಂದು ಬೀಬಿಜಾನಳೇ ತಡೆದಳು. “ಸೀಳಿದ ಖರೇ ನಾಣ್ಯಾನೂ ಹಿಂಗ ಅಂತೈತಿ. ಎಲ್ಲಾ ಕೂಡಿಸಿ ನೋಡಬೇಕು.”

ಕಾಶೆವ್ವ ಎರಡೂ ನಾಣ್ಯಗಳನ್ನು ಹೊಸ್ತಿಲ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ಬಗ್ಗಿದ್ದಳು. ಆಮೇಲೆ ಮೆಲ್ಲಗೆ ಅಂದಳು:

“ಅತ್ತಿ, ಇಲ್ಲಿ ಬರ್ರಿ. ಎರಡೂ ನಂದಿಗೆ ಒಂದೇ ಕಿವಿ ಹರದೈತಿ.”

ಮುದಕವ್ವ ಬಗ್ಗಿದಳು. ಎರಡರಲ್ಲೂ ಬಲಗಿವಿ ಹರಿದಿತ್ತು. ಎರಡರಲ್ಲೂ ಹೆಗಲ ಹಿಣಿಲಿನ ಮೇಲೆ ಅದೇ ಜಾಗದಲ್ಲಿ ಅದೇ ತಗ್ಗು. ಅವಳಿ ಮಕ್ಕಳು ಬಿದ್ದರೂ ಇಬ್ಬರಿಗೂ ಒಂದೇ ಕಡೆ ಗಾಯದ ಕಲೆ ಇರುವುದಿಲ್ಲ.

“ಪೆಟ್ಟು ಬಿದ್ದದ್ದು ಒಂದ ನಾಣ್ಯಕ್ಕ,” ಎಂದಳು ಬೀಬಿಜಾನ. “ಅದನ್ನ ಅಚ್ಚಿಗೆ ಒತ್ತಿ ಬೇಕಾದಷ್ಟು ಎರದಾನ. ಪೆಟ್ಟೂ ಜೋಡಿ ಬಂದೈತಿ. ನಿಮಗ ಎರಡು ಕೊಟ್ಟು ತಾನ ಸಿಕ್ಕೊಂಡ.”

ಮುದಕವ್ವ ಬಟ್ಟಲು ಎತ್ತಿಕೊಂಡಳು. ವಿಭೂತಿಯ ನೀರನ್ನು ತುಳಿಯಬಾರದೆಂದು ಹಿತ್ತಲ ದಾಸವಾಳದ ಬುಡಕ್ಕೆ ಸುರಿದು ಬಂದಳು. ಆಮೇಲೆ ಸೆರಗು ಬಿಗಿದು, “ಮೊನ್ನೆ ನಮ್ಮ ಓಣಿ ಮಹಾದೇವಕ್ಕನ ಬೆಳ್ಳಿ ಕಾಲ್ಗಡಗ ತಗೊಂಡು ಆಕಿಗೂ ನಂದಿ ಕೊಟ್ಟಾನ. ಹಳೇ ನಾಣ್ಯ ತಗೊಂಡು ಶಿವವ್ವಗೂ ಕೊಟ್ಟಾನ. ನಡಿ ಕಾಶಿ,” ಎಂದಳು.

ಮಹಾದೇವಕ್ಕ ತನ್ನ ಮನೆಯ ದೇವರ ಜಗಲಿಗೆ ಅಡ್ಡ ನಿಂತಳು. “ಮುಟ್ಟಬ್ಯಾಡ್ರಿ, ಮನಿಗೆ ಕೇಡು.”

“ನಾ ತೊಳದ ಬಂದೇನಿ. ಕೇಡು ಬರೂದಿದ್ರ ಮೊದಲ ನನಗ ಬರ್ಲಿ. ಕೊಡು ಇತ್ತಾಗ,” ಎಂದಳು ಮುದಕವ್ವ.

ಸಂಜೆ ಶೇಖಪ್ಪ ಬಂದಾಗ ಚನಬಸಪ್ಪನ ಮನೆಯ ಕಟ್ಟೆಯ ಮೇಲೆ ಓಣಿಯ ನಂದಿಗಳೆಲ್ಲ ಸಾಲಾಗಿ ಕೂತಿದ್ದವು, ತೊಳೆದ ಮೈಯಲ್ಲಿ. ಹಿಂದೆ ಹೆಂಗಸರು ನಿಂತಿದ್ದರು.

“ಯಾರು ತೊಳದವ್ರು? ನಿಮ್ಮ ಕುಲಕ್ಕ ಒಳ್ಳೇದಾಗೂದಿಲ್ಲ,” ಎಂದು ಅವನು ಗದರಿದ.

“ನಮ್ಮ ಕುಲ ನಾವು ನೋಡ್ಕೋತೇವಿ,” ಎಂದಳು ಕಾಶೆವ್ವ. “ನಿಮ್ಮ ನಂದಿಗೋಳಿಗೆಲ್ಲಾ ಒಂದೇ ಕಿವಿ ಯಾಕ ಹರದೈತಿ, ಅದನ್ನ ಹೇಳ್ರಿ.”

ಅವನು ನಾಣ್ಯಗಳನ್ನು ಬಾಚಿಕೊಳ್ಳಲು ಕೈ ಚಾಚಿದ. ಮುದಕವ್ವ ಅವುಗಳ ಮೇಲೆ ಅಂಗೈ ಊರಿದಳು.

“ಇವು ನಿನ್ನ ಕೈಗೆ ಬಂದ್ರ ನಾಳೆ ಸನವಳ್ಳಿ ಊರಾಗಿನ ಜಗಲಿ ಏರ್ತಾವ. ಇಲ್ಲೇ ಇರ್ಲಿ. ವಿಭೂತಿ ನಮ್ಮದು, ತೊಳಕೊಂಡೇವಿ. ಬೆಳ್ಳೀನೂ ನಮ್ಮದು. ಜೋಳಿಗಿ ಕೆಳಗ ಇಡು.”

ಅಷ್ಟರಲ್ಲಿ ಚನಬಸಪ್ಪ ಊರ ಪೊಲೀಸ ಪಾಟೀಲ ಶಿವಲಿಂಗಪ್ಪನನ್ನು ಕರೆತಂದ. ಜೋಳಿಗೆ ಬಿಚ್ಚಿದಾಗ ಮಹಾದೇವಕ್ಕನ ಕಾಲ್ಗಡಗ ಸಿಕ್ಕಿತು. ಶಿವವ್ವ ಕೊಟ್ಟಿದ್ದ ಹಳೇ ನಾಣ್ಯ ಸಿಗಲಿಲ್ಲ. ಅದನ್ನು ಅವನು ಮೊದಲೇ ಕರಗಿಸಿಬಿಟ್ಟಿದ್ದ. ಅದು ಯಾವ ಕಾಲದ್ದು ಎಂದು ಇನ್ನು ಯಾರೂ ಹೇಳಲಾರರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಾಶೆವ್ವನ ನಾಣ್ಯವನ್ನು ಚನಬಸಪ್ಪ ಧಾರವಾಡದಲ್ಲಿ ಹಳೇ ನಾಣ್ಯ ಬಲ್ಲವರೊಬ್ಬರಿಗೆ ತೋರಿಸಿದ. ತೂಗಿ, ಗುರುತುಗಳನ್ನು ನೋಡಿ, ಖರೆಯದೇ ಎಂದು ಅವರು ಹೇಳಿದರು. ತೊಳೆಯದೆ ಇಟ್ಟದ್ದಕ್ಕೆ ಮೆಚ್ಚಿದರು. ಅದನ್ನು ಮತ್ತೆ ಜಗಲಿಯ ಮೇಲೆ ಇಟ್ಟವಳು ಮುದಕವ್ವ. ಇಟ್ಟು, ಸೊಸೆಯ ಕಡೆ ತಿರುಗದೆ, “ನಿಮ್ಮಪ್ಪಗ ನಾ ಹಂಗ ಅನಬಾರದಿತ್ತು,” ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥದೊಂದು ಇರಬಹುದು. ಹಳೆಯದನ್ನು ತಿಕ್ಕಬೇಡಿ, ಕಾಯಿಸಬೇಡಿ, ಅರದಿಂದ ಉಜ್ಜಬೇಡಿ. ಸೊಟ್ಟಗಿದೆ ಎಂದು ಯಾರ ಕೈಗೂ ಹಾಕಬೇಡಿ. ಹೊಸಬ ತಂದುಕೊಟ್ಟದ್ದನ್ನು ಮಾತ್ರ ಬೆಳಕಿಗೆ ತನ್ನಿ, ಅಂಚು ನೋಡಿ, ತೂತು ನೋಡಿ, ನೆರೆಮನೆಯದರ ಪಕ್ಕದಲ್ಲಿಟ್ಟು ನೋಡಿ. ತಿಳಿಯದಿದ್ದರೆ ತಿಳಿದವರನ್ನು ಕೇಳುವ ತನಕ ನಿಮ್ಮ ಬೆಳ್ಳಿ ಬಿಡಬೇಡಿ. ಹೊಸಬ ತಂದದ್ದರ ಮೇಲೆ ವಿಭೂತಿ ಇದ್ದರೆ ಧೈರ್ಯವಾಗಿ ತೊಳೆಯಿರಿ. ಶಿವನಿಗೆ ಸಿಟ್ಟು ಬರುವುದಿಲ್ಲ. ಬರುವುದು ಶೇಖಪ್ಪನಿಗೆ. ಬರಲಿ.