ಗುನ್ವೋರಳಿಗೆ ಉಳಿದಿದ್ದ ಒಂದೇ ನರ

ಗುನ್ವೋರ್ ನಮ್ಮ ಡ್ರಿಪ್ ಕೋಣೆಗೆ ರೋಗಿಯಾಗಿ ಬರುತ್ತಾಳೆಂದು ತಿಳಿದಾಗ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನರ್ಸೊಬ್ಬಳು ಹೀಗೆ ಹೇಳಬಾರದು. ಆದರೂ ಹೇಳುತ್ತೇನೆ.

ಅವಳು ಐಸಿಯುವಿನ ಹಿರಿಯ ನರ್ಸ್ ಆಗಿದ್ದಾಗ ನಾನು ಅವಳ ಕೈಕೆಳಗಿನ ಹೊಸಬಳು. ದೋಣಿ ಕಟ್ಟುವ ಹಾಲ್ವರ್ ಎಂಬ ಮುದುಕ ಅಲ್ಲಿ ಮಲಗಿದ್ದ. ಕುಸಿಯುತ್ತಿದ್ದ ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧಿ ಅವನಿಗೆ ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಬೇರೆ ನರ ಹುಡುಕುವ ತಾಳ್ಮೆಯಿಲ್ಲದ ಗುನ್ವೋರ್, ಅದೇ ಪೈಪಿನ ಮೇಲ್ಬಾಯಿಗೆ ಇನ್ನೊಂದು ಔಷಧಿಯ ಸಿರಿಂಜು ಸಿಕ್ಕಿಸಿ ಒತ್ತಿಬಿಟ್ಟಳು. ಪೈಪಿನಲ್ಲಿದ್ದ ಮೊದಲನೆಯದೆಲ್ಲ ಒಮ್ಮೆಲೇ ಒಳಗೆ ನುಗ್ಗಿತು. ಒತ್ತಡ ಏರಿ ಮಿದುಳಿನಲ್ಲಿ ರಕ್ತನಾಳ ಒಡೆದು ಹಾಲ್ವರ್ ಸಂಜೆಯೊಳಗೆ ತೀರಿಕೊಂಡ. ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ವಿಚಾರಣೆಯಲ್ಲಿ ಅವಳು ನನ್ನ ತಲೆಯ ಮೇಲೆ ಗೂಬೆ ಕೂರಿಸಿದಳು. ಪಾಪ, ಹೊಸ ಹುಡುಗಿ, ಗೊತ್ತಾಗಲಿಲ್ಲ ಎಂದು ಕನಿಕರ ಬೇರೆ ತೋರಿಸಿದಳು. ಹಿರಿಯಳ ಮಾತೇ ನಿಂತಿತು. ನನ್ನನ್ನು ಐಸಿಯುವಿನಿಂದ ತೆಗೆದು ಕೆಳಗಿನ ಈ ಕೋಣೆಗೆ ಹಾಕಿದರು.

ನಮ್ಮದು ಚಿಕ್ಕ ಊರು. ಬೆಟ್ಟಗಳ ನಡುವೆ ಒಳಚಾಚಿದ ಕಡಲತೋಳು, ಫ್ಯೋರ್ಡಿನ ಈ ದಡದಲ್ಲಿ ಕೆಮ್ಮಿದರೆ ಆ ದಡದಲ್ಲಿ ಕಷಾಯ ಕಾಯಿಸುತ್ತಾರೆ. ಹಾಲ್ವರನ ಮಗಳು ಯೋರುನ್ ಅಂಗಡಿಯಲ್ಲಿ ನನ್ನನ್ನು ಕಂಡರೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರನಡೆಯುತ್ತಿದ್ದಳು. ಕೀಲುನೋವಿನ ಡ್ರಿಪ್ಪಿಗೆ ಅವಳು ಬರುವುದೂ ನಮ್ಮಲ್ಲಿಗೇ. ಆದರೆ ಸೂಜಿಯನ್ನು ನನ್ನ ಜೊತೆಯ ನರ್ಸ್ ಮಾರಿತ್ ಚುಚ್ಚಬೇಕು, ‘ಆ ಕೈ’ ತನ್ನನ್ನು ಮುಟ್ಟಕೂಡದು. ನಾನು ನಿಜ ಹೇಳಿದರೆ ಯಾರು ನಂಬುತ್ತಾರೆ? ಅದು ಗುನ್ವೋರಳ ಬಾಯಿಂದಲೇ, ಯೋರುನಳ ಕಿವಿಗೆ ಬೀಳುವ ಹಾಗೆ ಹೊರಬರಬೇಕಿತ್ತು. ಯಾರು ಯಾವ ಕುರ್ಚಿಯಲ್ಲಿ ಕೂರಬೇಕೆಂದು ಗೊತ್ತುಮಾಡುವವಳು ನಾನೇ. ಇಬ್ಬರನ್ನೂ ಕಿಟಕಿಯ ಹತ್ತಿರ ಅಕ್ಕಪಕ್ಕ ಹಾಕಿದೆ.

ಗುನ್ವೋರ್ ಬಂದಳು. ನನ್ನನ್ನು ನೋಡಿದವಳೇ ಮಾರಿತ್ ಇಲ್ಲವೇ ಎಂದು ಕೇಳಿದಳು. ಅವಳ ಕೈ ಖಾಲಿಯಿಲ್ಲ ಎಂದೆ. ಗುನ್ವೋರಳ ತೋಳುಗಳಲ್ಲಿ ನರಗಳೆಲ್ಲ ಬತ್ತಿಹೋಗಿದ್ದವು. ಎಡಗೈಯ ಹಿಂಬದಿಯಲ್ಲಿ ಒಂದೇ ಒಂದು ಸಿಕ್ಕಿತು. ಅವಳಿಗೆ ಬರೆದಿದ್ದ ಎರಡು ಔಷಧಿಗಳೂ ಒಂದರ ಹಿಂದೊಂದು ಅದರಲ್ಲೇ ಹೋಗಬೇಕು. ಮೊದಲನೆಯದು ಬಹಳ ನಿಧಾನವಾಗಿ ಇಳಿಯಬೇಕು, ಅವಸರವಾದರೆ ಉಸಿರೇ ಕಟ್ಟುತ್ತದೆ. ಪೈಪಿನಲ್ಲಿ ಉಳಿದದ್ದನ್ನೂ ಸಲೈನ್ ಬಿಟ್ಟು ಅಷ್ಟೇ ನಿಧಾನವಾಗಿ ಒಳಗೆ ಕಳಿಸಿ, ಆಮೇಲೆ ಎರಡನೆಯದನ್ನು ಹಾಕಬೇಕು.

ಮೊದಲನೆಯದು ಇಳಿಯುವಾಗ ಗುನ್ವೋರ್ ಯೋರುನಳ ಜೊತೆ ಮಾತಿಗಿಳಿದಳು. ನಿಮ್ಮ ಅಪ್ಪನಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎಂದಳು. ಎಂಥ ಭಂಡತನ! ನನ್ನ ಮೈಯೆಲ್ಲ ಉರಿಯಿತು.

ಬ್ಯಾಗು ಖಾಲಿಯಾಯಿತು. ಔಷಧಿಯನ್ನು ಅಳತೆಯಲ್ಲಿ ಇಳಿಸುವ ಪಂಪು ನಿಲ್ಲಿಸಿದೆ. ಅವಳ ಕೈಯ ಹತ್ತಿರ ಪೈಪಿಗಿದ್ದ ಕ್ಲಿಪ್ಪನ್ನು ಮುಚ್ಚಿ ಅದರ ಮೇಲೆ ಕಂಬಳಿ ಎಳೆದೆ. ಇನ್ನು ನಾನು ಎಷ್ಟು ಒತ್ತಿದರೂ ಒಂದು ತೊಟ್ಟೂ ಒಳಗೆ ಹೋಗುವಂತಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ. ಸಲೈನಿನ ದೊಡ್ಡ ಸಿರಿಂಜನ್ನು ಪೈಪಿನ ಮೇಲ್ಬಾಯಿಗೆ ಸಿಕ್ಕಿಸಿ ಹೆಬ್ಬೆರಳಿಟ್ಟೆ.

“ತುರಿಡ್, ನಿಧಾನ,” ಎಂದಳು ಗುನ್ವೋರ್.

“ಯಾಕೆ?”

“ಪೈಪಲ್ಲಿ ಇನ್ನೂ ಔಷಧಿ ಇದೆ. ಹಾಗೆ ಒತ್ತಿದ್ರೆ ಎಲ್ಲಾ ಒಟ್ಟಿಗೇ ಒಳಗೆ ಹೋಗುತ್ತೆ.”

“ಹೋದ್ರೆ ಏನಾಗುತ್ತೆ? ನಂಗೆಲ್ಲಿ ಗೊತ್ತಾಗ್ಬೇಕು, ನಾನು ಹೊಸ ಹುಡುಗಿ.”

ಯೋರುನ್ ಓದುತ್ತಿದ್ದ ಪತ್ರಿಕೆಯನ್ನು ಮಡಚಿದಳು.

“ಜೀವ ಹೋಗುತ್ತೆ ಕಣೆ. ನಾನು ನೋಡಿದೀನಿ.”

“ಯಾರ ಕೈಯಲ್ಲಿ?”

ಗುನ್ವೋರಳ ಕಣ್ಣು ನನ್ನ ಹೆಬ್ಬೆರಳಿನ ಮೇಲೇ ಇತ್ತು.

“ನನ್ನ ಕೈಯಲ್ಲಿ. ಹಾಲ್ವರ್‌ಗೆ ಒತ್ತಿದ್ದು ನಾನು, ನೀನಲ್ಲ. ಬೆರಳು ತೆಗಿ.”

ತಕ್ಷಣ ತೆಗೆಯಲಿಲ್ಲ. ಆ ಸುಖವನ್ನು ಅಷ್ಟು ಬೇಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆಮೇಲೆ ಸಿರಿಂಜನ್ನು ಪಂಪಿನಲ್ಲಿ ಕೂರಿಸಿ, ಕ್ಲಿಪ್ಪು ತೆರೆದು, ಮೊದಲಿನಷ್ಟೇ ನಿಧಾನಕ್ಕೆ ಇಟ್ಟೆ.

ಯೋರುನ್ ಕೂಗಾಡಲಿಲ್ಲ. “ಅಪ್ಪನ ಮಣ್ಣಿನ ದಿನ ಬಂದೋರಿಗೆಲ್ಲ ಕಾಫಿ ಬಗ್ಗಿಸಿ ಕೊಟ್ಟೋಳು ನೀನು,” ಎಂದಳು. “ನನ್ನ ತಬ್ಕೊಂಡು ಅತ್ತೆ.”

ಗುನ್ವೋರ್ ನನ್ನ ತೋಳು ಹಿಡಿದು, ಸೂಜಿ ತೆಗೆದುಬಿಡು, ಉಳಿದದ್ದಕ್ಕೆ ಇನ್ನೊಂದು ದಿನ ಬರುತ್ತೇನೆ ಎಂದು ಪಿಸುಗುಟ್ಟಿದಳು. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

“ಈ ನರ ಬಿಟ್ರೆ ನಿಮಗೆ ಇನ್ನೊಂದಿಲ್ಲ,” ಎಂದೆ. “ಎರಡನೇದು ಬಾಕಿ ಇದೆ. ಕೂತಿರಿ.”

ಸಲೈನ್ ಮುಗಿದ ಮೇಲೆ ಎರಡನೇ ಬ್ಯಾಗು ತೂಗುಹಾಕಿದೆ. ಅಷ್ಟರಲ್ಲಿ ಯೋರುನಳ ಡ್ರಿಪ್ ಮುಗಿದು ಮಾರಿತ್ ಅವಳ ಸೂಜಿ ತೆಗೆದಾಗಿತ್ತು. ಅವಳು ಮನೆಗೆ ಹೊರಡಲಿಲ್ಲ. ಕುರ್ಚಿಯನ್ನು ಗುನ್ವೋರಳ ಕಡೆ ತಿರುಗಿಸಿಕೊಂಡು, ಕೊನೆಯ ತೊಟ್ಟು ಇಳಿಯುವವರೆಗೂ ಅವಳ ಮುಖವನ್ನೇ ನೋಡುತ್ತ ಕೂತಳು. ನಾನು ಪಂಪನ್ನು ಒಂದು ಚೂರೂ ಜೋರು ಮಾಡಲಿಲ್ಲ.